ನಡುವೆ ಕೂತ ಜೋಡಿ ಗಾಲಿ

ಇಬ್ರಾಹಿಂಪುರದ ರೈಲು ಹಳಿಯ ಮಗ್ಗುಲಲ್ಲಿ ಧರ್ಮರಾಜನ ವರ್ಕ್‌ಶಾಪು. ಅವನು ತಿಕೋಟಾದ ಹಿಟ್ಟಿನ ಗಿರಣಿಯಲ್ಲಿ ಹದಿನಾಲ್ಕು ವರ್ಷ ದುಡಿದವನು. ಶಾಲೆಯಲ್ಲಿ ತಲೆಗೆ ಹತ್ತದ ಭಾಗಾಕಾರ, ಸಣ್ಣ ಗಾಲಿಯು ದೊಡ್ಡ ಗಾಲಿಯನ್ನು ತಿರುಗಿಸುವುದನ್ನು ಕಂಡಾಗ ತಾನಾಗಿ ಹತ್ತಿತ್ತು.

ಅಂದು ಮಧ್ಯಾಹ್ನ ಘೋಣಸಗಿಯ ತಾಯವ್ವ ಒಡೆದ ಉಕ್ಕಿನ ಬಿಲ್ಲೆಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಔಷಧಿ ಸಿಂಪಡಿಸುವ ಯಂತ್ರದ ಪಂಖವು ಕೂಡುವ ಬಿಲ್ಲೆ ಅದು.

"ತಮ್ಮಾ, ದ್ರಾಕ್ಷಿ ಹೂವಿಗೆ ಬಂದೈತಿ, ಎರಡ ದಿನದಿಂದ ಮೋಡ ಮುಸುಕೈತಿ. ಇವತ್ತ ಸಂಜಿಕ ಔಷಧ ಹೊಡೀಲಿಲ್ಲಂದ್ರ ಮೂರೂ ಎಕರೆಗೆ ರೋಗ ಬೀಳತೈತಿ."

ಹೊಸ ಬಿಲ್ಲೆ ಮಾಡಲು ಅಷ್ಟು ದಪ್ಪನೆಯ ಉಕ್ಕು ಅವನಲ್ಲಿ ಒಂದೇ ತುಂಡಿತ್ತು. ಅದರ ನಡುವೆ ಮೂವತ್ತೆರಡು ಮಿಲಿಮೀಟರಿನ ರಂಧ್ರ ಕೊರೆಯಬೇಕು. ಆ ಅಳತೆಯ, ಉಕ್ಕು ಕೊರೆಯುವ ಡ್ರಿಲ್ ಬಿಟ್ಟೂ ಒಂದೇ. ಡ್ರಿಲ್ ಮಶೀನಿನ ವೇಗಕ್ಕೆ ಅದು ನೀಲಿಯಾಗಿ ಸುಟ್ಟುಹೋಗುವುದು ಖಂಡಿತ.

ಧರ್ಮರಾಜನು ದೊಡ್ಡದೊಂದು, ಸಣ್ಣದೊಂದು ಗಾಲಿಯನ್ನು ಒಂದೇ ದಂಡಕ್ಕೆ ಪೋಣಿಸಿ, ಮೋಟಾರಿಗೂ ಡ್ರಿಲ್ಲಿಗೂ ನಡುವೆ ಕೂಡಿಸಿದನು. ವೇಗವು ಆರರಲ್ಲಿ ಒಂದು ಪಾಲಿಗೆ ಇಳಿಯಿತು. ಆದರೆ ಬಿಟ್ಟು ಉಕ್ಕಿಗೆ ಕಚ್ಚಿದೊಡನೆ ಗಾಲಿಗಳಿಗೆ ಸುತ್ತಿದ್ದ ಪಟ್ಟಾ ಜಾರಿತು. ಗಿರಣಿಯಲ್ಲಿ ಪಟ್ಟಾ ಜಾರಿದರೆ ಅದಕ್ಕೆ ರಾಳ ತಿಕ್ಕುವುದು ರೂಢಿ. ಕೈ ತಾನಾಗಿ ರಾಳದ ಡಬ್ಬಿಗೆ ಹೋಯಿತು.

ಈಗ ಪಟ್ಟಾ ಬಿಗಿಯಾಗಿ ಹಿಡಿಯಿತು. ಉಕ್ಕಿನ ಸುರುಳಿಗಳು ಉದ್ದುದ್ದ ಇಳಿದವು. ಇನ್ನೇನು ತಳ ತೂರಬೇಕು, ಅಷ್ಟರಲ್ಲಿ ಬಿಟ್ಟು ಗಕ್ಕನೆ ಸಿಕ್ಕಿಕೊಂಡಿತು. ವೇಗ ಇಳಿದಷ್ಟೂ ಬಲ ಏರಿತ್ತು. ಜಾರಿ ಕಾಪಾಡಬೇಕಾದ ಪಟ್ಟಾ ರಾಳದಿಂದಾಗಿ ಜಾರಲಿಲ್ಲ. ಬಿಲ್ಲೆಯನ್ನು ಕಚ್ಚಿ ಹಿಡಿದಿದ್ದ ಕಬ್ಬಿಣದ ವೈಸು ಬೋಲ್ಟು ಮುರಿದುಕೊಂಡು ಗಿರ್ರನೆ ತಿರುಗಿ, ಅವನ ಮಣಿಕಟ್ಟನ್ನು ಸವರಿ ಕಂಬಕ್ಕೆ ಬಡಿಯಿತು.

ಹೆಂಡತಿ ದಾನೇಶ್ವರಿ ಓಡಿಬಂದು ಸ್ವಿಚ್ ಆರಿಸಿದಳು. "ಏನ್ರೀ, ಕೈ ಐತೋ ಹೋತೋ?"

"ಐತಿ." ಅವನು ಬಗ್ಗಿ ನೋಡಿದನು. ಬಿಟ್ಟು ಮುರಿದಿರಲಿಲ್ಲ. ತಳದಲ್ಲಿ ಹಾಳೆಯಷ್ಟು ಉಕ್ಕು ಉಳಿದಿತ್ತು. ಇನ್ನೊಮ್ಮೆ ಸಿಕ್ಕಿಕೊಂಡರೆ ಬಿಲ್ಲೆಯೂ ಇಲ್ಲ, ಬಿಟ್ಟೂ ಇಲ್ಲ.

"ಮತ್ತ ಸ್ವಿಚ್ ಹಾಕಿದ್ರ ನೋಡ್ರಿ ಮತ್ತ!" ಎಂದು ದಾನೇಶ್ವರಿ ಗುಂಡಿಯ ಮುಂದೆಯೇ ನಿಂತಳು.

ತಾಯವ್ವ ಮೇಲಿನ ಜೋಡಿ ಗಾಲಿಯನ್ನೇ ನೋಡುತ್ತಿದ್ದಳು. "ಇದು ಬೀಸೂಕಲ್ಲಿನಂಗ ಅಡ್ಡಕ ತಿರಗತೈತಲ್ಲೋ. ನಾ ತಿರವತೇನಿ, ನೀ ಹಗೂರ ಒತ್ತು."

"ನಿನಗ ತಿರವಾಕ ಆಗೂದುಲ್ಲ ಅಕ್ಕಾ, ಭಾಳ ಬಿರಸೈತಿ."

"ನಿನಗಿಂತ ಮೊದಲ ಬೀಸೇನಿ. ಒತ್ತು ಸುಮ್ನ!"

ವೈಸಿಗೆ ಎರಡು ಹೊಸ ಬೋಲ್ಟು ಬಿಗಿದನು. ಆಕೆ ದೊಡ್ಡ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ತಿರುವಿದಳು. ಬಿಟ್ಟು ಸಿಕ್ಕಿತೆನಿಸಿದರೆ ನಿಲ್ಲುವಳು, ಒಂದಿಷ್ಟು ಹಿಂದೆ ತಿರುವಿ ಮತ್ತೆ ಮುಂದೆ ತಿರುವುವಳು. ಧರ್ಮರಾಜನು ಡ್ರಿಲ್ಲಿನ ಹಿಡಿಕೆಯನ್ನು ಮೆಲ್ಲಗೆ ಒತ್ತುತ್ತಿದ್ದನು. ಕೊನೆಗೆ ಹಿಡಿಕೆಯು ಅವನ ಕೈಯಲ್ಲಿ ಮೆತ್ತಗೆ ಕೆಳಗಿಳಿಯಿತು. ಬಿಲ್ಲೆಯ ಆಚೆಗೆ ಬೆಳಕು ಕಂಡಿತು.

ಚಹಾಕ್ಕೂ ನಿಲ್ಲದೆ ತಾಯವ್ವ ಹೊಸ ಬಿಲ್ಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿಗೆ ಓಡಿದಳು. ಏಳು ಗಂಟೆಗೆ ಫೋನು ಬಂದಿತು. ಔಷಧಿ ಯಂತ್ರದ ಮೊರೆತದ ನಡುವೆ ಆಕೆಯ ಮಾತು ಒಂದೂ ತಿಳಿಯಲಿಲ್ಲ. ಅವನಿಗೆ ಆ ಮೊರೆತವೊಂದೇ ಸಾಕಿತ್ತು.