ಮಡಿನೀರು ಕುಡಿದ ಕಂಪ್ಯೂಟರು

ಕಂಪ್ಯೂಟರಿಗೆ ನೀರು ಕುಡಿಸಿದ್ದೀರಾ? ನಾನು ಕುಡಿಸಿದ್ದೇನೆ. ಅದೂ ಮಡಿನೀರು!

ನಗಬೇಡಿ. ಸೇಡಂನ ಬೇಸಿಗೆಯಲ್ಲಿ ನಾವೇ ಹ್ಯಾಂಗ್ ಆಗುತ್ತೇವೆ, ಕಂಪ್ಯೂಟರಿನ ಪಾಡೇನು? ಅದಕ್ಕೇ ಮಗಳು ವೈದೇಹಿ ತನ್ನದಕ್ಕೆ ವಾಟರ್ ಕೂಲಿಂಗ್ ಹಾಕಿಸಿಕೊಂಡಿದ್ದಾಳೆ. ಒಳಗೊಂದು ಪುಟ್ಟ ಪಂಪು, ಸಣ್ಣ ಪೈಪುಗಳು. ನೀರು ಸುತ್ತುತ್ತ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಕಟ್ಟಡ ಕಟ್ಟುವ ಮೊದಲೇ ಅದು ಹೇಗೆ ಕಾಣುತ್ತದೆಂದು ವಿಡಿಯೊ ಮಾಡಿ ತೋರಿಸುವುದು ಅವಳ ಕೆಲಸ.

ಚಿತ್ತಾಪುರದ ಎಂಜಿನಿಯರೊಬ್ಬರು ಮೊದಲ ಸಲ ದೊಡ್ಡ ಕೆಲಸ ಕೊಟ್ಟಿದ್ದರು. ಒಂದು ಶಾಲೆಯ ಕಟ್ಟಡ. ಸೋಮವಾರ ತೋರಿಸಬೇಕು. ಗುರುವಾರದಿಂದ ಕಂಪ್ಯೂಟರು ಹತ್ತು ನಿಮಿಷಕ್ಕೊಮ್ಮೆ ಕಾದು ತಾನಾಗಿಯೇ ಬಂದ್! ಮೊದಲ ಕೆಲಸವೇ ತಪ್ಪಿದರೆ ಎರಡನೇ ಸಲ ಯಾರು ಕರೆಯುತ್ತಾರೆ? ಹುಡುಗಿಗೆ ಊಟ ಸೇರಲಿಲ್ಲ.

ಶುಕ್ರವಾರ ಬಿಚ್ಚಿ ನೋಡಿದಳು. ಒಳಗಿನ ಬಿಸಿಯನ್ನು ನೀರಿಗೆ ದಾಟಿಸುವ ತಾಮ್ರದ ಬ್ಲಾಕಿನ ಸಣ್ಣ ಸಂದುಗಳ ತುಂಬ ಬಿಳಿ ಪದರ.

“ಅಪ್ಪಾ, ಇದಕ್ಕ ಯಾವ ನೀರು ಹಾಕಿದ್ರಿ?”

ಒಪ್ಪಿಕೊಂಡೆ. ಅವಳು ಊರಲ್ಲಿಲ್ಲದಾಗ ನೀರು ಕಡಿಮೆಯಾಗಿದ್ದು ಕಂಡಿತು (ಕೇಳದೆ ಉಪಕಾರ ಮಾಡುವ ಚಟ ನನಗೆ). ನಲ್ಲಿ ನೀರು ಬೇಡ, ಶುದ್ಧವಾದದ್ದೇ ಇರಲಿ ಎಂದು ಅವ್ವನ ಹತ್ತಿರ ಒಂದು ಚೊಂಬು ಬೇಡಿ ತಂದೆ. ಬೆಳಿಗ್ಗೆ ಒದ್ದೆ ಸೀರೆಯಲ್ಲೇ ಬಾವಿಯಿಂದ ಸೇದಿ, ಬಟ್ಟೆಯಲ್ಲಿ ಸೋಸಿ, ಯಾರೂ ಮುಟ್ಟದಂತೆ ಅವ್ವ ಇಡುವ ನೀರದು. (ತನ್ನ ನಂತರ ಈ ಮನೆಯಲ್ಲಿ ಮಡಿ ಯಾರು ಮಾಡುತ್ತಾರೆ ಎಂಬುದು ಅವಳ ಹಳೆಯ ಚಿಂತೆ.) ದೇವರಿಗೆ ನಡೆಯುವ ನೀರು ಕಂಪ್ಯೂಟರಿಗೆ ನಡೆಯದೇ?

ನಡೆಯಲಿಲ್ಲ. ನಮ್ಮದು ಹಾಸುಗಲ್ಲಿನ ಸೀಮೆ. ಬಾವಿಯ ನೀರು ಸುಣ್ಣ ಕರಗಿಸಿಕೊಂಡೇ ಮೇಲೆ ಬರುತ್ತದೆ, ಯಾರು ಸೇದಿದರೂ!

ನಾಚಿಕೆಯಾಯಿತು. ಸ್ಕೂಟರ್ ಹತ್ತಿ ಬ್ಯಾಟರಿ ಅಂಗಡಿಗೆ ಓಡಿದೆ, ಡಿಸ್ಟಿಲ್ಡ್ ವಾಟರ್ ಕೇಳಿದೆ. ಕಥೆ ಕೇಳಿ ಅಂಗಡಿಯ ರಫೀಕ್ ನಕ್ಕರು. “ಸರ, ಟ್ರ್ಯಾಕ್ಟರ್ ಬ್ಯಾಟರಿಗೇ ಬಾವಿ ನೀರು ಹಾಕಂಗಿಲ್ರಿ!”

ವೈದೇಹಿ ಹಳೆಯ ನೀರು ಬಸಿದಳು. ಬ್ಲಾಕನ್ನು ನೀರು ಬೆರೆಸಿದ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದಳು. ಎಲ್ಲ ಜೋಡಿಸಿ, ಡಿಸ್ಟಿಲ್ಡ್ ವಾಟರ್ ತುಂಬಿ, ಬರೀ ಪಂಪು ಓಡಿಸಿ, ಮತ್ತೆ ಬಸಿದಳು. ಮೊದಲ ಸಲ ಬಿಳಿ ನೀರು. ಎರಡನೆಯ ಸಲ ಮಸುಕು. ನಾಲ್ಕನೆಯ ಸಲಕ್ಕೆ ತಿಳಿ! ಹೊಸ ನೀರು ತುಂಬಿ, ಜಾಯಿಂಟುಗಳ ಕೆಳಗೆ ಟಿಶ್ಯೂ ಪೇಪರ್ ಇಟ್ಟು ಶನಿವಾರವಿಡೀ ಕಾದೆವು. ಒಂದು ಹನಿಯೂ ಸೋರಲಿಲ್ಲ.

ಭಾನುವಾರ ಕಂಪ್ಯೂಟರು ಒಮ್ಮೆಯೂ ನಿಲ್ಲದೆ ದುಡಿಯಿತು. ಸೋಮವಾರ ಚಿತ್ತಾಪುರದವರು ವಿಡಿಯೊ ನೋಡಿ, ಮುಂದಿನ ಕಟ್ಟಡದ ನಕ್ಷೆಯನ್ನೂ ಕಳಿಸಿದರು. ಮಗಳು ಎರಡು ಸಲ ಬಡಿಸಿಕೊಂಡು ಉಂಡಳು. ನನ್ನ ಜೀವ ತಣ್ಣಗಾಯಿತು.

ಊಟವಾದ ಮೇಲೆ, ಕಪಾಟಿನಲ್ಲಿ ಉಳಿದಿದ್ದ ಡಿಸ್ಟಿಲ್ಡ್ ವಾಟರ್ ಕ್ಯಾನನ್ನು ಸರಿಸಿಡೋಣವೆಂದು ಕೈ ಚಾಚಿದೆ.

“ಅಪ್ಪಾ, ಮುಟ್ಟಬ್ಯಾಡ್ರಿ! ದೂರ ಸರೀರಿ!” ಕೂಗಿದಳು ವೈದೇಹಿ.

ಅವ್ವನ ಮುಖ ಅರಳಿತು. “ಇನ್ನ ನನಗ ಚಿಂತಿಲ್ಲಪಾ. ಮನ್ಯಾಗ ಮಡಿ ಮಾಡಾಕಿ ಸಿಕ್ಕಳು.”