ಒಂದು ಕೈಯಲ್ಲಿ ಮಡಚುವ ಗಾಡಿ

ಐಸಕ್ಕ ಮಗುವಿನ ಗಾಡಿಗೆ ಒದ್ದಳು. ಅಕಸ್ಮಾತ್ ಕಾಲು ತಗುಲಿದ್ದಲ್ಲ, ಬೇಕಂತಲೇ ಜಾಡಿಸಿ ಒದ್ದಿದ್ದು. ನೀಲಿ ಬಣ್ಣದ ಆ ದೊಡ್ಡ ಗಾಡಿ ತನ್ನ ಮಿರಮಿರ ಚಕ್ರ, ಮೆತ್ತನೆ ಹಾಸು, ಬಿಸಿಲಿಗೆ ಅಡ್ಡ ಎಳೆಯುವ ಮುಸುಕು ಎಲ್ಲದರ ಸಮೇತ ಹೋಗಿ ಅಂಗಡಿಯ ಗಾಜಿನ ಕಪಾಟಿಗೆ ಢಿಕ್ಕಿ ಹೊಡೆದು ನಿಂತಿತು. ಅಂಗಡಿಯವನಿಗೆ ಜೀವ ಬಾಯಿಗೆ ಬಂತು. ಪಕ್ಕದಲ್ಲಿದ್ದ ಸೊಸೆ, ಏಳು ತಿಂಗಳ ಬಸುರಿ, ತಲೆ ಎತ್ತಲಾಗದೆ ನೆಲ ನೋಡುತ್ತಾ ನಿಂತುಬಿಟ್ಟಳು.

ಅದಕ್ಕೆ ಮುಂಚೆ ಆಗಿದ್ದು ಇಷ್ಟೇ. ಬಂದವರನ್ನೆಲ್ಲ ಕೇಳುವ ಹಾಗೆ ಅಂಗಡಿಯವನು ನಗುನಗುತ್ತಾ, "ಮೊದಲನೇ ಮಗುನಾ ಮೇಡಂ?" ಅಂದಿದ್ದ. ಸೊಸೆ ಮುಖ ಅರಳಿಸಿಕೊಂಡು, "ಹೌದು. ನಮ್ಮತ್ತೆಗೆ ಇರೋದು ಒಬ್ಬನೇ ಮಗ. ನಂಗೆ ಹೆಣ್ಣಾಗ್ಲಿ ಅಂತ ಆಸೆ. ಹೆಣ್ಣಾದ್ರೆ ಆ ಮನೆಗೇ ಮೊದಲನೇ ಹೆಣ್ಣುಮಗು" ಅಂತ ಹೇಳಿ ನೀಲಿ ಗಾಡಿಯ ಮೇಲೆ ಕೈಯಾಡಿಸಿದ್ದಳು. ಐಸಕ್ಕನ ಕಾಲು ಎದ್ದಿದ್ದು ಆಗಲೇ.

"ಏನಮ್ಮಾ ಇದು, ಹೀಗಾ ಒದೆಯೋದು?" ಅಂದ ಅಂಗಡಿಯವನು.

"ಇದನ್ನ ಒಂದು ಕೈಯಲ್ಲಿ ಮಡಚಿ ತೋರ್ಸಪ್ಪ."

"ಒಂದು ಕೈಯಲ್ಲಿ ಆಗಲ್ಲಮ್ಮಾ. ಮೊದಲು ಚಕ್ರ ಬಿಚ್ಚಬೇಕು, ಆಮೇಲೆ ಈ ಕಡೆ ಹಿಡಿ ಒತ್ತಿ..."

"ಹಂಗಾದ್ರೆ ಬೇಡ."

ಮುಂದಿನ ಗಾಡಿಯನ್ನು ಅವಳು ಎಡಗೈಯಲ್ಲಿ ಎತ್ತಿಕೊಂಡು ಅಂಗಡಿಯ ಮೆಟ್ಟಿಲನ್ನು ದಡದಡ ಇಳಿದು ಬೀದಿಗೆ ಹೋದಳು, ಮತ್ತೆ ಹತ್ತಿ ಬಂದಳು. ಅದರ ಹಿಂದಿನದನ್ನು ಗೋಡೆಗೆ ಗುದ್ದಿದಳು. ಇನ್ನೊಂದರ ಚಕ್ರ ಕಿರ್ರೆಂದಿತು ಅಂತ ಅದನ್ನು ಬದಿಗೆ ತಳ್ಳಿದಳು. ಸೀರೆ ಎತ್ತಿ ಕಟ್ಟಿಕೊಂಡು ಹೀಗೆ ಏರಿಳಿಯುವ ಹೆಂಗಸನ್ನು ನೋಡಿ ಬೇರೆ ಗಿರಾಕಿಗಳು ತಮ್ಮ ತಮ್ಮ ಮಕ್ಕಳನ್ನು ಹತ್ತಿರ ಎಳೆದುಕೊಂಡರು. "ಅತ್ತೆ, ನಾವೇನು ಯುದ್ಧಕ್ಕೆ ಹೊರಟಿದೀವಾ?" ಅಂತ ಸೊಸೆ ಹಲ್ಲು ಕಚ್ಚಿ ಕೇಳಿದಳು. ಐಸಕ್ಕ ಆಗಲೇ ಮುಂದಿನ ಗಾಡಿಗೆ ಕೈ ಹಾಕಿದ್ದಳು.

ಕೊನೆಗೆ ಸಿಕ್ಕಿದ್ದು ಬೂದಿ ಬಣ್ಣದ ಒಂದು ಬಡಕಲು ಗಾಡಿ. ಅಂದವಿಲ್ಲ, ಚಂದವಿಲ್ಲ. ಆದರೆ ಹಸುಗೂಸನ್ನು ಅಂಗಾತ ಮಲಗಿಸಬಹುದು, ಹಿಡಿಯ ಗುಂಡಿ ಒತ್ತಿದರೆ ಒಂದೇ ಕೈಯಲ್ಲಿ ಪಟಕ್ಕನೆ ಮಡಚಿಕೊಳ್ಳುತ್ತದೆ, ಹೆಗಲಿಗೆ ಹಾಕಿಕೊಂಡು ಓಡಬಹುದು. ಐಸಕ್ಕ ಅದನ್ನೇ ಕಟ್ಟಿಸಿದಳು. ಸೊಸೆ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ಬಂದಳು, ಅವಳ ತಪ್ಪೇನೂ ಇಲ್ಲ ಬಿಡಿ.

ಐಸಕ್ಕ ಅಂದರೆ ಐಸ್ ಫ್ಯಾಕ್ಟರಿಯ ಅಕ್ಕ. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಅದನ್ನು ಕರೆಯುವವರು ಉಳಿದಿಲ್ಲ. ಫ್ಯಾಕ್ಟರಿಯ ಜಾರುಹಲಗೆಯ ಮೇಲೆ ಐಸಿನ ದಿಮ್ಮಿಗಳು ಸರ್ರನೆ ಇಳಿದು ಬರುತ್ತವೆ. ಅವನ್ನು ಕೊಕ್ಕೆ ಹಾಕಿ ಎಳೆದು, ಸಲಾಕೆ ನೆಟ್ಟು, ಮರದ ಕೊಡತಿಯಿಂದ ಬಾರಿಸಿ ಒಡೆಯುವುದು ಅವಳ ಕೆಲಸ. ಮೀನಿನ ಲಾರಿಗಳಿಗೆ ಪುಡಿ, ಹೋಟೆಲುಗಳಿಗೆ ತುಂಡು. ಸಿಡಿದ ಚೂರು ಕೆನ್ನೆ ಸೀಳಿದರೆ ಒರೆಸಿಕೊಂಡು ಮುಂದಿನ ದಿಮ್ಮಿಗೆ ಹೋಗುವುದು, ಅಷ್ಟೇ. ಕೊಡತಿ ಅವಳದೇ ಸ್ವಂತದ್ದು. ಬಿಟ್ಟು ಬಂದರೆ ಯಾರಾದರೂ ಹಿಡಿ ಮುರಿದಿಡುತ್ತಾರೆ ಅಂತ ಸಂಜೆ ಚೀಲಕ್ಕೆ ಹಾಕಿ ಮನೆಗೇ ತರುತ್ತಿದ್ದಳು. ಅಲ್ಲಿನ ಗಂಡಸರು ಅವಳ ಹತ್ತಿರ ಎರಡು ಮಾತು ಜಾಸ್ತಿ ಆಡಲು ಹೆದರುತ್ತಿದ್ದರು.

ಇಂಥವಳು ಮನೆಯೊಳಗೆ ಬಂದರೆ ಬೆಕ್ಕು. ಯಾಕೆ ಅಂತ ಕೇಳಿ. ಅವಳ ಗಂಡ ಲೋಡಿಂಗ್ ಕೆಲಸದವನು, ಕುಡಿಯದೆ ಇದ್ದಾಗಲೂ ಹೊಡೆಯುವವನು. ಸಾರಿಗೆ ಉಪ್ಪು ಕಮ್ಮಿಯಾದರೂ ಏಟು, ಜಾಸ್ತಿಯಾದರೂ ಏಟು. ಮದುವೆಯಾದ ಮರುವರ್ಷ ಅವಳಿಗೆ ಹೆಣ್ಣುಮಗು ಹುಟ್ಟಿತ್ತು. ಕೆಳಗಿನ ಮನೆಯವರು ತಮ್ಮ ಹಳೆಯ ಗಾಡಿ ಕೊಟ್ಟಿದ್ದರು, ಅಗಲವಾದದ್ದು, ಭಾರದ್ದು. ಒಂದು ಮಧ್ಯಾಹ್ನ ಅವನು ಬೆಲ್ಟು ಬಿಚ್ಚಿದಾಗ ಇವಳು ಮಗುವನ್ನು ಗಾಡಿಗೆ ಹಾಕಿ ಮೆಟ್ಟಿಲಿಗೆ ಓಡಿದಳು. ಅವರದ್ದು ಮೂರನೇ ಮಹಡಿ. ಮೆಟ್ಟಿಲು ತಿರುಗುವ ಕಡೆ ಗಾಡಿ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಅವನು ಬಂದು ಇವಳ ಕೂದಲು ಹಿಡಿದು ಗೋಡೆಗೆ ಚಚ್ಚಿದ, ಆಮೇಲೆ ಗಾಡಿಗೆ ಒದ್ದ. ಗಾಡಿ ಬಿಡಿಸಿಕೊಂಡು ಕೆಳಗೆ ಹೋಯಿತು. ಮಗು ಉಳಿಯಲಿಲ್ಲ. ತಾಯಿಯ ಕಾಲು ಜಾರಿತು ಅಂತ ಅವನು ಎಲ್ಲರಿಗೂ ಹೇಳಿದ. ಅವಳೂ ಅದನ್ನೇ ಹೇಳಿದಳು, ನಿಜ ಹೇಳಿದರೂ ಮತ್ತೆ ಅವನಿರುವ ಅದೇ ಮನೆಗೇ ಮರಳಬೇಕಿತ್ತಲ್ಲ.

ಆಮೇಲೆ ಹುಟ್ಟಿದವನು ಈ ಮಗ. ಅವನು ಶಾಲೆಗೆ ಹೋಗುವ ಕಾಲಕ್ಕೆ ಅಪ್ಪ ಹೊಟ್ಟೆ ಊದಿಕೊಂಡು ಸತ್ತ. "ನಿಮ್ಮಪ್ಪ ಒಳ್ಳೆಯೋನೇ ಕಣೋ, ಸ್ವಲ್ಪ ಕೋಪ ಜಾಸ್ತಿ" ಅಂತ ಹೇಳಿ ಅವಳು ಮಗನನ್ನು ಬೆಳೆಸಿದಳು. ಅಕ್ಕ ಒಬ್ಬಳು ಇದ್ದಳು ಅನ್ನೋದನ್ನೇ ಬಾಯಿಬಿಡಲಿಲ್ಲ. ಈಗ ಅವನು ಲಿಫ್ಟ್ ಮೆಕ್ಯಾನಿಕ್. ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡ್ತಾರೆ, ನಮ್ಮನೆಗೆ ಮಾತ್ರ ಮೆಟ್ಟಿಲೇ ಗತಿ ಅಂತ ಸೊಸೆ ಬಂದ ಹೊಸದರಲ್ಲಿ ನಗುತ್ತಿದ್ದಳು. ಅವಳು ಟೈಲರ್ ಅಂಗಡಿಯಲ್ಲಿ ಹೊಲಿಯುವ ಹುಡುಗಿ, ಮಾತಿಗೊಂದು ನಗು. ಮೂರನೇ ಮಹಡಿ ಅದೇ, ಮೆಟ್ಟಿಲೂ ಅವೇ.

ಅಂಗಡಿಗೆ ಹೋಗುವ ಹಿಂದಿನ ವಾರ ಐಸಕ್ಕ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಕೋಣೆಯಿಂದ ಒಂದು ಸದ್ದು ಕೇಳಿತು. ಅಂಗೈ ಕೆನ್ನೆಗೆ ಬಿದ್ದ ಸದ್ದು. ಅದು ಬೇರೆ ಯಾವುದೂ ಆಗಿರಲಾರದು ಅಂತ ಅವಳಿಗೆ ಗೊತ್ತು. ಆಮೇಲೆ ಮಗನ ಗೊಣಗಾಟ, ಆಮೇಲೆ ಸೊಸೆಯ ಮೂಗು ಸೊರಸೊರ ಅನ್ನುವುದು. ಐಸಕ್ಕನ ಕೈ ನಲ್ಲಿಯ ಕೆಳಗೇ ನಿಂತುಹೋಯಿತು. ದಿನವಿಡೀ ದಿಮ್ಮಿ ಒಡೆಯುವ ಹೆಂಗಸು ಒಂದು ಹೆಜ್ಜೆ ಇಡಲಿಲ್ಲ, ಒಂದು ಮಾತು ಆಡಲಿಲ್ಲ. ಮರುದಿನ ಮಗ ಹೆಂಡತಿಗೆ ಹೊಸ ಸೀರೆ ತಂದ. ಹೊಡೆದ ಮರುದಿನ ಅವರಪ್ಪನೂ ಹಾಗೇ ತರುತ್ತಿದ್ದ.

ಮಗನನ್ನು ಹಿಡಿದು ಕೇಳುವ ಬದಲು ಅವಳು ಓಡಿಹೋಗಲು ಅನುಕೂಲವಾಗುವ ಗಾಡಿ ಹುಡುಕಿದಳು. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಗಾಡಿ, ಮೆಟ್ಟಿಲಲ್ಲಿ ಎಲ್ಲೂ ಸಿಕ್ಕಬಾರದು, ಸದ್ದೂ ಆಗಬಾರದು. ಅವಳ ತಲೆಗೆ ಹೊಳೆದ ಉಪಾಯ ಅದೊಂದೇ. ಹೆತ್ತವಳ ಹೆದರಿಕೆ ಅನ್ನಿ, ಹೇಡಿತನ ಅನ್ನಿ, ನಾನಂತೂ ಎರಡೂ ಅಂತೀನಿ.

ಬೂದಿ ಗಾಡಿಯನ್ನು ನೋಡಿ ಮಗ ಮೂಗು ಮುರಿದ. "ಇದೇನು, ಭಿಕ್ಷೆಗೆ ಹೋಗೋ ಗಾಡಿನಾ? ನನ್ನ ಮಗು ಇದ್ರಲ್ಲಿ ಮಲಗಲ್ಲ. ಅವಳು ಯಾವುದನ್ನ ಇಷ್ಟಪಟ್ಟಳೋ ಅದನ್ನೇ ತರ್ತೀನಿ."

"ಬೇಡ ಕಣೋ, ಇದೇ ಇರ್ಲಿ."

"ನಿಂಗೇನು ಗೊತ್ತಾಗುತ್ತಮ್ಮಾ, ಸುಮ್ನಿರು."

ಭಾನುವಾರ ಐಸಕ್ಕ ಕೆಲಸಕ್ಕೆ ಹೋದ ಮೇಲೆ ಅವನು ಬೂದಿ ಗಾಡಿಯನ್ನು ಅಂಗಡಿಗೆ ವಾಪಸ್ ಕೊಟ್ಟು ನೀಲಿಯದನ್ನು ತಂದ. ಚಕ್ರ ಬಿಚ್ಚಿ ಮಡಚಿ ತರಬಹುದಿತ್ತು, ಆದರೆ ಬೀದಿಯವರು ನೋಡಬೇಕಲ್ಲ. ಖಾಲಿ ಗಾಡಿಯನ್ನು ಜಂಬದಿಂದ ತಳ್ಳಿಕೊಂಡು ಬಂದ, ಹಾಗೇ ಎತ್ತಿಕೊಂಡು ಮೆಟ್ಟಿಲು ಹತ್ತಿದ. ತಿರುವಿನಲ್ಲಿ ಗಾಡಿ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು.

ಐಸಕ್ಕ ಪಾಳಿ ಮುಗಿಸಿ ಕೆಳಗಿನ ಬಾಗಿಲಿಗೆ ಬಂದಾಗ ಅವನ ಬೈಗುಳ ಮೆಟ್ಟಿಲ ತುಂಬ ಕೇಳುತ್ತಿತ್ತು. "ಗೊಂಬೆ ಥರ ನಿಂತಿದೀಯಲ್ಲೇ, ಆ ಕಡೆಯಿಂದ ಹಿಡಿಯೋಕೆ ಆಗಲ್ವಾ?" ಸೊಸೆಯ ದನಿ, "ಬಗ್ಗೋಕೆ ಆಗ್ತಿಲ್ಲ ರೀ, ಹೊಟ್ಟೆ ಎಳೀತಿದೆ." ಆಮೇಲೆ ಅದೇ ಸದ್ದು.

ಐಸಕ್ಕ ಓಡಿದಳು. ತಿರುವಿಗೆ ಬಂದಾಗ ಕಂಡಿದ್ದು ಹೀಗೆ. ಗಾಡಿಯ ಆ ಕಡೆ, ಮೇಲಿನ ಮೆಟ್ಟಿಲಲ್ಲಿ ಸೊಸೆ ಕುಸಿದು ಕೂತಿದ್ದಾಳೆ, ಒಂದು ಕೈ ಕೆನ್ನೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ತುಟಿ ಒಡೆದು ರಕ್ತ ಗಲ್ಲಕ್ಕಿಳಿದಿದೆ. ಈ ಕಡೆಯಿಂದ ಮಗ ಗಾಡಿಯ ಮೇಲೆ ಹತ್ತಿ ಅವಳನ್ನು ಹಿಡಿಯಲು ಕೈ ಚಾಚಿದ್ದಾನೆ, ಅವನ ಮಂಡಿ ಆ ಮೆತ್ತನೆ ಹಾಸಿನ ಮೇಲಿದೆ. ಆಮೇಲೆ ಐಸಕ್ಕನ ಕಣ್ಣು ಮಗನ ಬೆನ್ನಿನ ಮೇಲೇ ನಿಂತಿತು. ಅವರಪ್ಪನ ಬೆನ್ನೂ ಅದೇ ಅಗಲ ಇತ್ತು.

ಚೀಲದಿಂದ ಕೊಡತಿ ತೆಗೆದಿದ್ದು ಅವಳಿಗೆ ನೆನಪಿಲ್ಲ. ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದಳು. ಅವನು ಬೆನ್ನಡಿಯಾಗಿ ಬಿದ್ದ, ತಲೆ ಕಂಬಿಗೆ ಬಡಿಯಿತು. "ಯಾವನೋ ಅವನು" ಅಂತ ಎದ್ದು ತಿರುಗಿ ಕೈ ಎತ್ತಿದ. ಎದುರಿಗೆ ಇರುವುದು ತಾಯಿ ಅಂತ ಕಂಡ ಮೇಲೂ ಆ ಕೈ ಕೆಳಗಿಳಿಯಲಿಲ್ಲ, ಅವಳ ಮುಖಕ್ಕೇ ಬಂತು. ಐಸಕ್ಕ ಆ ಕೈಯನ್ನೇ ನೋಡಿ, ಮೊಣಕೈ ಕೆಳಗೆ, ದಿಮ್ಮಿಗೆ ಬಾರಿಸುವ ಹಾಗೆ ಬಾರಿಸಿದಳು. ಮೂಳೆ ಲಟಕ್ಕೆಂದಿತು. ಅವನು ಕೂಗಿಕೊಂಡ ಕೂಗಿಗೆ ಪ್ರತಿ ಮಹಡಿಯಲ್ಲೂ ಬಾಗಿಲುಗಳು ತೆರೆದವು.

"ಅಮ್ಮಾ, ನನ್ನ ಕೈ..."

"ಇನ್ನೊಂದು ಕೈನೂ ಎತ್ತು. ಎತ್ತೋ."

ಅವನು ಗೋಡೆಗೆ ಆತು ಕೂತ. ಐಸಕ್ಕ ಅವನ ಮುಂದೆ ನಿಂತು ಹೇಳಿದಳು. "ನಿಂಗೊಬ್ಬಳು ಅಕ್ಕ ಇದ್ಲು ಕಣೋ. ಇದೇ ಮೆಟ್ಟಿಲು, ಇದೇ ತಿರುವು. ಹಿಂಗೇ ಒಂದು ಗಾಡಿ ಸಿಕ್ಕಿಹಾಕ್ಕೊಂಡಿತ್ತು. ನಾನು ಗಾಡಿ ಬಿಡಿಸ್ತಾ ಇದ್ದೆ, ನಿಮ್ಮಪ್ಪ ಒದ್ದ. ಮೂರು ತಿಂಗಳ ಕೂಸು. ಕೆಳಗೆ ಹೋಗಿ ನಾನೇ ಎತ್ತಿಕೊಂಡೆ. ಕಾಲು ಜಾರ್ತು ಅಂತ ಎಲ್ಲರಿಗೂ ಹೇಳ್ದೆ, ನಿಂಗೂ ಸುಳ್ಳು ಹೇಳಿ ಸಾಕ್ದೆ. ಅವನು ಒಳ್ಳೆಯೋನಲ್ಲ. ಅವನು ನನ್ನ ಮಗಳನ್ನ ಕೊಂದ."

ಮಗನ ಮುಖ ಬಿಳಿಚಿಕೊಂಡಿತು, ನೋವಿಗೋ ಮಾತಿಗೋ ಗೊತ್ತಿಲ್ಲ.

"ಎದ್ದು ಹೋಗು. ಆಸ್ಪತ್ರೆಗೆ ಹೋಗು, ಆಮೇಲೆ ಎಲ್ಲಿಗಾದ್ರೂ ಹೋಗು. ಈ ಮೆಟ್ಟಿಲು ಹತ್ತಬೇಡ. ಅವಳು ಕರೆದ್ರೆ ಮಾತ್ರ ಹತ್ತು."

ಅವನು ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಗೋಡೆಗೆ ಹೆಗಲು ಒತ್ತಿಕೊಂಡು ಇಳಿದು ಹೋದ. ಐಸಕ್ಕ ಹಿಂತಿರುಗಿ ಕೊಡತಿ ಎತ್ತಿ ನೀಲಿ ಗಾಡಿಯ ಮೇಲೆ ಎರಗಿದಳು. ಮೊದಲ ಏಟಿಗೆ ಮುಸುಕಿನ ಕಂಬಿ ಬಾಗಿತು. ಆಮೇಲೆ ಚಕ್ರಗಳು, ಹಿಡಿ, ತೊಟ್ಟಿಲಿನಂಥ ಆ ಮೈ. ಹಾಸಿನ ಹತ್ತಿ ಮೆಟ್ಟಿಲ ತುಂಬ ಹಾರಿತು, ತುಂಡಾದ ಚಕ್ರವೊಂದು ಕೆಳಗಿನವರೆಗೂ ಉರುಳಿಕೊಂಡು ಹೋಯಿತು. ಬಾರಿಸುತ್ತಾ ಬಾರಿಸುತ್ತಾ ಅವಳು ಅಳುತ್ತಿದ್ದಳು, ಗಂಡನನ್ನು ಬೈಯುತ್ತಿದ್ದಳು, ತನ್ನನ್ನೂ ಬೈದುಕೊಳ್ಳುತ್ತಿದ್ದಳು. ಸೊಸೆಗೆ ಇಳಿದು ಬರಲು ದಾರಿ ಬಿಡುವಷ್ಟು ಗಾಡಿ ಪುಡಿಯಾಗುವವರೆಗೂ ನಿಲ್ಲಿಸಲಿಲ್ಲ.

ಸೊಸೆ ಇಳಿದು ಬಂದು ಅವಳ ಪಕ್ಕದಲ್ಲೇ ಕೂತಳು. "ಅವರ ಕೈ ಮುರಿದುಬಿಟ್ರಲ್ಲ ಅತ್ತೆ" ಅಂತ ಅತ್ತಳು. ಐಸಕ್ಕ ಸೆರಗಿನಿಂದ ಅವಳ ತುಟಿಯ ರಕ್ತ ಒರೆಸಿದಳು. "ಹೋದ ವಾರಾನೇ ಮುರಿಬೇಕಿತ್ತು. ಅಡುಗೆಮನೆಯಿಂದ ಕೇಳಿಸ್ಕೊಂಡು ಸುಮ್ನಿದ್ದೆ. ತಪ್ಪಾಯ್ತು ಕಣೇ" ಅಂದಳು.

ಹೆಣ್ಣುಮಗುವೇ ಹುಟ್ಟಿತು. ಮಗ ಈಗ ತನ್ನ ಜೊತೆ ಕೆಲಸ ಮಾಡುವವರ ಕೋಣೆಯಲ್ಲಿದ್ದಾನೆ. ರಜೆಯ ದಿನ ಬಂದು ಕೆಳಗಿನ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಾನೆ. ಸೊಸೆ ಒಮ್ಮೊಮ್ಮೆ ಮಗುವನ್ನು ಇಳಿಸಿಕೊಂಡು ಹೋಗಿ ತೋರಿಸುತ್ತಾಳೆ, ಒಮ್ಮೊಮ್ಮೆ ಕಿಟಕಿಯನ್ನೂ ತೆರೆಯುವುದಿಲ್ಲ. ಮೇಲೆ ಬಾ ಅಂತ ಇನ್ನೂ ಕರೆದಿಲ್ಲ. ಐಸಕ್ಕ ಅದರ ಬಗ್ಗೆ ಅವಳನ್ನು ಏನೂ ಕೇಳುವುದಿಲ್ಲ.

ಬಾಣಂತನ ಮುಗಿದ ಮೇಲೆ ಅತ್ತೆ ಸೊಸೆ ಮತ್ತೆ ಅದೇ ಅಂಗಡಿಗೆ ಹೋದರು. ಅಂಗಡಿಯವನು ಐಸಕ್ಕನನ್ನು ನೋಡಿದ್ದೇ ತಡ, ಓಡಿ ಬಂದು ಗಾಜಿನ ಕಪಾಟಿಗೆ ಅಡ್ಡ ನಿಂತ. "ಹೆದರಬೇಡಪ್ಪ, ಇವತ್ತು ಒದೆಯಲ್ಲ. ಅವಳಿಗೆ ಯಾವುದು ಬೇಕೋ ಅದನ್ನ ಕೊಡು. ನೀಲೀದೇ ಆದ್ರೂ ಸರಿ" ಅಂದಳು ಐಸಕ್ಕ, ಮೂಲೆಯ ಸ್ಟೂಲ್ ಎಳೆದುಕೊಂಡು ಕೂತಳು.

ಸೊಸೆ ನೀಲಿ ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಮಗುವನ್ನು ಎಡಗಡೆ ಹೆಗಲಿಗೆ ಹಾಕಿಕೊಂಡು ಬೂದಿ ಗಾಡಿಯ ಹತ್ತಿರ ಹೋದಳು. ಬಲಗೈಯಲ್ಲಿ ಗುಂಡಿ ಒತ್ತಿ ಪಟಕ್ಕನೆ ಮಡಚಿದಳು, ಬಿಡಿಸಿದಳು, ಇನ್ನೊಮ್ಮೆ ಮಡಚಿದಳು. ಆಮೇಲೆ ಅದನ್ನು ಎತ್ತಿಕೊಂಡು ಅಂಗಡಿಯ ಮೆಟ್ಟಿಲಿಳಿದು ಬೀದಿಗೆ ಹೋಗಿ ಬಂದಳು. ಐಸಕ್ಕ ಸ್ಟೂಲಿನ ಮೇಲಿಂದಲೇ ನೋಡುತ್ತಿದ್ದಳು.

ಅಂಗಡಿಯವನು ಗಾಡಿ ಕಟ್ಟಿಕೊಡುತ್ತಾ, ಕೂಸಿನ ಮುಖ ನೋಡಿ ಸಲಿಗೆಯಿಂದ ಕೇಳಿದ. "ಅವತ್ತು ಹೇಳಿದ್ರಲ್ಲ ಮೇಡಂ, ಮನೆಗೇ ಮೊದಲನೇ ಹೆಣ್ಣುಮಗು ಅಂತ. ಇವಳೇನಾ?"

"ಇವಳೇ. ಆದ್ರೆ ಮೊದಲನೆಯವಳಲ್ಲ" ಅಂದಳು ಸೊಸೆ. "ಆ ಮನೆಗೆ ಇವಳು ಎರಡನೆಯವಳು."