ಹಾಲು ಕಲಕುವ ಐದು ನಿಮಿಷ

ಬೆಳಗಿನ ಐದೂಕಾಲು. ಪ್ರೊಚಾಸ್ಕಾ ಅವರ ಕೊಟ್ಟಿಗೆಯ ಅಂಗಳಕ್ಕೆ ಹಾಲಿನ ಟ್ಯಾಂಕರ್ ಹಿಂದಕ್ಕೆ ಸರಿಯುತ್ತಾ ಬಂದು, ಗೋಡೆಗೆ ಒಂದು ಮೊಳ ಬಿಟ್ಟು ನಿಲ್ಲುತ್ತದೆ. ಆರ್ಲಿಸ್ ಸ್ಕಾರ್ ಇಳಿಯುತ್ತಾರೆ. ಬಲ ಮಂಡಿ ಹಟ ಮಾಡುವುದರಿಂದ ಎಡಗಾಲು ಮೊದಲು. ಹಾಲಿನ ಕೋಣೆಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು, ಸ್ಟೀಲ್ ತೊಟ್ಟಿಯ ಮುಚ್ಚಳ ಎತ್ತಿ ಮೂಗನ್ನು ಒಳಗಿಡುತ್ತಾರೆ. ಹುಳಿ ತಿರುಗಿದ್ದರೆ, ಹಸು ಕಾಡುಬೆಳ್ಳುಳ್ಳಿ ಮೇದಿದ್ದರೆ ಆ ಮೂಗಿಗೆ ತಕ್ಷಣ ತಿಳಿಯುತ್ತದೆ. ಒಂದು ಮನೆಯ ಕೆಟ್ಟ ಹಾಲು ಟ್ಯಾಂಕರಿಗೆ ಹತ್ತಿತೆಂದರೆ ಅವರ ಸುತ್ತಿನ ಏಳು ಮನೆಯ ಹಾಲೂ ಚರಂಡಿಗೆ.

ಮೂಸಿದ್ದಾಯಿತು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೂವತ್ತೇಳು ಡಿಗ್ರಿ, ಬೆರಳಿಟ್ಟರೆ ಜುಮ್ಮೆನ್ನುವಷ್ಟು ತಂಪು. ಅಳತೆಕೋಲು ಇಳಿಸಿ ನೋಡಿ, ಗೋಡೆಯ ಚೀಟಿಯಲ್ಲಿ ಬರೆದು, ಕಲಕುವ ಯಂತ್ರದ ಗುಂಡಿ ಒತ್ತುತ್ತಾರೆ. ಮೇಲೆ ಕಟ್ಟಿದ ಕೆನೆ ಹಾಲಿನೊಂದಿಗೆ ಬೆರೆತು ಒಂದಾಗಲು ಐದು ನಿಮಿಷ ಬೇಕು. ಆಮೇಲೆಯೇ ಪರೀಕ್ಷೆಗೆಂದು ಒಂದು ಸೌಟು ತೆಗೆಯಬೇಕು, ಆಮೇಲೆಯೇ ಹಾಲನ್ನು ಟ್ಯಾಂಕರಿಗೆ ಎಳೆಯಬೇಕು.

ಆ ಐದು ನಿಮಿಷ ಬೇರೆ ಚಾಲಕರು ಸಿಗರೇಟು ಸೇದುತ್ತಾರೆ. ಆರ್ಲಿಸ್ ಕೋಟಿನ ಒಳಜೇಬಿನಿಂದ ಒಂದು ಬಿಳಿ ಕಾಗದ, ಒಂದು ಪೆನ್ನು ತೆಗೆದು ತೊಟ್ಟಿಯ ಮೇಲಿಡುತ್ತಾರೆ. ಬಾಗಿಲಲ್ಲಿ ನಿಂತ ಡೆಲ್ಮರ್ ಪ್ರೊಚಾಸ್ಕಾ ಅದನ್ನು ನೋಡಿ ಮುಖ ತಿರುಗಿಸುತ್ತಾರೆ. ಅವರಿಗೆ ಎಪ್ಪತ್ತೊಂಬತ್ತು. ಮೂವತ್ತನಾಲ್ಕು ಹಸುಗಳ ಯಜಮಾನ, ಗುರುವಾರದವರೆಗೆ ಮಾತ್ರ. ಗುರುವಾರ ಇಂಡಿಯಾನಾ ರಾಜ್ಯದಿಂದ ಲಾರಿ ಬಂದು ಅಷ್ಟೂ ಹಸುಗಳನ್ನು ತುಂಬಿಕೊಂಡು ಹೋಗುತ್ತದೆ. ಡೈರಿಯ ಕರಾರು ಇವತ್ತಿಗೇ ಮುಗಿಯುವುದರಿಂದ, ದಿನ ಬಿಟ್ಟು ದಿನ ಬರುವ ಆರ್ಲಿಸ್ ಈ ಅಂಗಳಕ್ಕೆ ಬರುವುದು ಈ ಮಂಗಳವಾರವೇ ಕೊನೆ.

"ಇವತ್ತೂ ತಂದ್ಯಾ ಅದನ್ನ?" ಎನ್ನುತ್ತಾರೆ ಡೆಲ್ಮರ್. "ನನ್ನ ಕೈ ನೋಡಿದ್ದೀಯಲ್ಲ ಹುಡುಗಿ. ನಾನು ಬರೆದ್ರೆ ಕೋಳಿ ಕೆದಕಿದ ಹಾಗಿರುತ್ತೆ."

ಅರವತ್ತೊಂದರ 'ಹುಡುಗಿ' ಪೆನ್ನಿನ ಮುಚ್ಚಳ ತೆಗೆದಿಡುತ್ತಾರೆ. "ಕೋಳಿ ಕೆದಕಿದ್ದಾದ್ರೂ ಆದೀತು. ನನ್ನ ಅಕ್ಷರದಲ್ಲಿ ಇರಬಾರದು, ಅಷ್ಟೇ."

ಈ ಮಾತಿನ ಹಿಂದೆ ಎರಡು ವರ್ಷದ ಕಥೆಯಿದೆ. ಹೇಳುವುದಕ್ಕೆ ಸಂಕಟವಾಗುವ ಕಥೆ.

ಆರ್ಲಿಸ್ ಹುಟ್ಟಿದ್ದು ವಿಸ್ಕಾನ್ಸಿನ್ ರಾಜ್ಯದ ಇದೇ ಪಡುವಣ ಗುಡ್ಡಗಳಲ್ಲಿ, ಇಪ್ಪತ್ತೆಂಟು ಹಸುಗಳ ಒಂದು ಮನೆಯಲ್ಲಿ. ಅಪ್ಪ ಹಸು ಮಾರಿದ ವರ್ಷ ಅವರಿಗೆ ಹದಿನೇಳು. ಟ್ಯಾಂಕರ್ ಹಿಡಿದು ಇಪ್ಪತ್ತಾರು ವರ್ಷವಾಯಿತು. ಮೊದಲ ದಿನ ಒಬ್ಬ ರೈತ ಕ್ಯಾಬಿನ್ನಿನೊಳಗೆ ಇಣುಕಿ, ಡ್ರೈವರ್ ಎಲ್ಲಿ ಎಂದು ಕೇಳಿದ್ದನಂತೆ. ಎದ್ದೇಳುವುದು ಮೂರಕ್ಕೆ. ಸುತ್ತು ನೂರ ನಲವತ್ತೆರಡು ಮೈಲಿ. ಮೊದಲು ಅವರ ದಾರಿಯಲ್ಲಿ ಹತ್ತೊಂಬತ್ತು ಮನೆಗಳಿದ್ದವು, ಈಗ ಏಳು. ಎಲ್ಲವೂ ಸಾವಯವ ಹಾಲಿನ ಮನೆಗಳು: ಹುಲ್ಲಿಗೆ ವಿಷ ಹೊಡೆಯುವಂತಿಲ್ಲ, ಬೇಸಗೆಯುದ್ದಕ್ಕೂ ಹಸು ಹೊರಗೆ ಹೋಗಿ ಮೇಯಲೇಬೇಕು. ಡೈರಿಯ ಹಾಲಿನ ಡಬ್ಬದ ಮೇಲಿನ 'ಸಾವಯವ' ಎಂಬ ದುಂಡು ಮುದ್ರೆಗೆ ಅರ್ಥವಿರುವುದೇ ಆ ನಿಯಮದಿಂದ.

ಎರಡು ವರ್ಷದ ಹಿಂದೆ ಎದುರಿನ ದಿಬ್ಬದ ಮೇಲೆ ಎಂಟು ಸಾವಿರ ಹಸುಗಳ ಕೊಟ್ಟಿಗೆಗೆ ಗುರುತುಗೂಟ ಬಿತ್ತು. ಯಾರೋ ಹೊರಗಿನ ಕಂಪನಿ. ಅದೂ ಸಾವಯವವೇ ಅಂತೆ, ಅದೇ ದುಂಡು ಮುದ್ರೆಯಂತೆ. ಎಂಟು ಸಾವಿರ ಹಸು ಮೇಯಲು ಹುಲ್ಲೆಲ್ಲಿದೆ ಎಂದು ಕೇಳಿದರೆ, ಕಾಂಕ್ರೀಟಿನ ಅಂಗಳಕ್ಕೂ 'ಹೊರಗೆ' ಎನ್ನಬಹುದು ಎಂಬ ಉತ್ತರ ಬಂತು. ಇನ್ನೊಂದು ಕಾನೂನಿತ್ತು: ಇಷ್ಟು ದೊಡ್ಡದನ್ನು ಕಟ್ಟುವ ಮೊದಲು ಸುತ್ತಲಿನ ಬಾವಿ, ಹಳ್ಳಗಳ ಗತಿ ಏನಾಗುತ್ತದೆ ಎಂದು ಸರ್ಕಾರ ಪರಿಶೀಲಿಸಬೇಕು, ಜನರ ಅಹವಾಲು ಕೇಳಬೇಕು. ಕಂಪನಿ ಆರು ಆಳದ ಕೊಳವೆಬಾವಿ ಕೊರೆದು ಮೂರು ದಿನ ನೀರೆತ್ತಿ ನೋಡಿತು. ಕೆಳಗಿನ ಬೆಕಿ ಊಲಂಡ್ ಎಂಬಾಕೆಯ ಮನೆಯ ನಲ್ಲಿಯಲ್ಲಿ ಅಷ್ಟೂ ದಿನ ಮರಳು ಬಂತು. ಊಲಂಡ್‌ರ ಮನೆಯೂ ಆರ್ಲಿಸ್ ದಾರಿಯಲ್ಲೇ ಇದೆ. ಬೆಕಿ ಒಂದು ಗಾಜಿನ ಜಾಡಿಯಲ್ಲಿ ಆ ನೀರು ಹಿಡಿದಿಟ್ಟು, ಟ್ಯಾಂಕರ್ ಬಂದಾಗ ಆರ್ಲಿಸ್ ಕೈಗೆ ಕೊಟ್ಟಳು.

ಅಲ್ಲಿಂದ ಶುರು. ಸಭೆ ಕರೆಯಲು ಆರ್ಲಿಸ್‌ಗೆ ಬರುವುದಿಲ್ಲ, ಭಾಷಣವಂತೂ ದೂರದ ಮಾತು. ಬರುವುದು ಮನೆಮನೆಗೆ ಹೋಗುವುದು, ಅದು ಹೇಗೂ ದಿನದ ಕೆಲಸ. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಒಂದು ಚೊಕ್ಕ ಅಹವಾಲು ಬರೆದು, ನಾನೂರು ಪ್ರತಿ ಮಾಡಿಸಿ, ಹಾಲು ಕಲಕುವ ಹೊತ್ತಿನಲ್ಲಿ ರುಜು ಹಾಕಿಸಿಕೊಂಡರು. ಹಾಲಿನ ಮನೆಗಳಲ್ಲದೆ ಡೀಸೆಲ್ ಅಂಗಡಿ, ಮೇವಿನ ಗಿರಣಿ, ಚರ್ಚಿನ ಶುಕ್ರವಾರದ ಮೀನೂಟದ ಸಾಲು, ಎಲ್ಲಿಯೂ ಬಿಡಲಿಲ್ಲ. ಮುನ್ನೂರ ಎಂಬತ್ತೊಂದು ರುಜು. ಅಷ್ಟನ್ನೂ ಸರ್ಕಾರದ ಕಚೇರಿಗೆ ಕಳಿಸಿ, ಮೂರು ವಾರದ ನಂತರ ಫೋನ್ ಮಾಡಿದರೆ, ಅಲ್ಲಿದ್ದ ಹುಡುಗಿ ಬಹಳ ನಯವಾಗಿ ತಿಳಿಸಿದಳು: ಒಕ್ಕಣೆ ಒಂದೇ ಇರುವುದರಿಂದ ಅಷ್ಟನ್ನೂ ಸೇರಿಸಿ ಒಂದೇ ಅಹವಾಲು ಎಂದು ಎಣಿಸಲಾಗಿದೆ.

"ಸರಿ, ನನ್ನದೇ ತಪ್ಪು ಅಂದುಕೊಂಡೆ," ಎನ್ನುತ್ತಾರೆ ಆರ್ಲಿಸ್. "ಒಬ್ಬೊಬ್ರದ್ದು ಒಂದೊಂದು ಕಷ್ಟ. ಅದನ್ನೆಲ್ಲ ನಾನು ಒಂದೇ ತೊಟ್ಟಿಗೆ ಸುರಿದಿದ್ದೆ."

ಎರಡನೇ ಸುತ್ತಿನಲ್ಲಿ ಒಬ್ಬೊಬ್ಬರ ಮಾತನ್ನೂ ಬೇರೆ ಬೇರೆಯಾಗಿ ಬರೆದುಕೊಂಡರು. ರೈತರು ಕೆಚ್ಚಲು ಒರೆಸುತ್ತಾ, ಸಗಣಿ ಬಾಚುತ್ತಾ ಹೇಳುತ್ತಿದ್ದರು, ಆರ್ಲಿಸ್ ತೊಟ್ಟಿಯ ಮೇಲೆ ಕಾಗದವಿಟ್ಟು ಬರೆಯುತ್ತಿದ್ದರು. ಗಿರಣಿಯಲ್ಲಿ, ಅಂಗಡಿಯಲ್ಲಿ ಸಿಕ್ಕವರ ಮಾತೂ ಹೀಗೇ. ಅವರದು ದುಂಡು ಅಕ್ಷರ, ನಾಲ್ಕನೇ ಇಯತ್ತೆಯಲ್ಲಿ ಅದಕ್ಕೆ ರಿಬ್ಬನ್ ಬಹುಮಾನ ಬಂದಿತ್ತು. ಎಪ್ಪತ್ತೊಂದು ಜನರ ಮಾತು ಎಪ್ಪತ್ತೊಂದು ಕಾಗದವಾಯಿತು. ಗಂಡ ವೇನ್ ಶಾಲಾ ಬಸ್ಸು ಓಡಿಸುವವರು. ನಿನ್ನ ಟ್ಯಾಂಕರ್ ಅಂಚೆ ಕಚೇರಿಯಾಯಿತು, ಇನ್ನು ಹಾಲು ನಾನೇ ತರಬೇಕೇನೋ ಎಂದು ಅವರು ರೇಗಿಸಿದ್ದೂ ಆಯಿತು. ಕಚೇರಿಯ ಉತ್ತರ ಬಂತು. ಎಲ್ಲವೂ ಒಬ್ಬರದೇ ಕೈಬರಹದಲ್ಲಿವೆ. ಹಾಗಾಗಿ ಒಬ್ಬರೇ ಸಲ್ಲಿಸಿದ ಒಂದೇ ಅಹವಾಲು.

ಅವತ್ತು ಆರ್ಲಿಸ್ ಅತ್ತರು. ಅದನ್ನು ಅವರು ಮುಚ್ಚಿಡುವುದಿಲ್ಲ. ಮೇವಿನ ಗಿರಣಿಯ ಹಿಂದೆ ಟ್ಯಾಂಕರ್ ನಿಲ್ಲಿಸಿ, ಇಂಜಿನ್ ಆರಿಸದೆ ಅತ್ತರು. ಎಪ್ಪತ್ತೊಂದು ಜನರಿಗೆ ಮತ್ತೆ ಹೇಗೆ ಮುಖ ತೋರಿಸಲಿ ಎಂಬುದೇ ಅವರಿಗೆ ದೊಡ್ಡದಾಗಿತ್ತು. ತೋರಿಸಿದರು. ಕಾಗದ ನನ್ನದು, ಪೆನ್ನು ನನ್ನದು, ಅಕ್ಷರ ಮಾತ್ರ ನಿಮ್ಮದು ಎಂದು ಮೂರನೇ ಸಲ ಬೇಡಿಕೊಂಡರು. ಐದು ನಿಮಿಷದಲ್ಲಿ ಮುಗಿಯದವರು ಮುಂದಿನ ಸರದಿಗೆ ಮುಗಿಸಿದರು. ಬೆಕಿ ಮರಳಿನ ಬಗ್ಗೆ ಎರಡು ಪುಟ ತುಂಬಿಸಿದಳು. ಡೆಲ್ಮರ್ ಹೆಂಡತಿ ರೋಸಲಿ ತಮ್ಮ ಮನೆಯ ಒರತೆಯ ನೀರಿನಿಂದ ಮೂರು ತಲೆಮಾರಿನ ಮಕ್ಕಳಿಗೆ ದೀಕ್ಷಾಸ್ನಾನವಾದದ್ದನ್ನು ಬರೆದರು. ಆಮಿಷ್ ಪಂಥದ ಇಸ್ರಾಯೆಲ್ ಹರ್ಷ್‌ಬರ್ಗರ್ ಮಾತ್ರ ಪೆನ್ನು ಮುಟ್ಟಲಿಲ್ಲ. ಸರ್ಕಾರಕ್ಕೆ ಅರ್ಜಿ ಗುಜರಾಯಿಸುವುದು ಅವರಲ್ಲಿ ರೂಢಿಯಿಲ್ಲ. ಆದರೆ ಎಂಬತ್ತು ಅಂಚೆಚೀಟಿಗಳನ್ನು ತಂದುಕೊಟ್ಟು, "ಚೀಟಿ ತಗೊಳ್ಳೋಕೆ ನಮ್ಮ ಬಿಷಪ್ಪರ ಅಡ್ಡಿಯಿಲ್ಲ. ಅದನ್ನ ಎಲ್ಲಿ ಅಂಟಿಸ್ತೀಯೋ ನಾನು ಕೇಳಲ್ಲ," ಎಂದರು. ಡೆಲ್ಮರ್ ನಡುಗುವ ಕೈ ತೋರಿಸಿ ತಪ್ಪಿಸಿಕೊಂಡರು. ಹೋದವು ಅರವತ್ತಮೂರು ಕಾಗದ, ಅರವತ್ತಮೂರು ಬಗೆಯ ಅಕ್ಷರ, ಅರವತ್ತಮೂರು ಲಕೋಟೆ.

ಹನ್ನೊಂದನೇ ದಿನ ಕಾನೂನೇ ಬದಲಾಯಿತು. ಅಂಥ ಕೊಟ್ಟಿಗೆಗಳಿಗೆ ಇನ್ನು ಪರಿಸರ ಪರಿಶೀಲನೆ ಬೇಕಿಲ್ಲ. ಪರಿಶೀಲನೆಯೇ ಇಲ್ಲದ ಮೇಲೆ ಅಹವಾಲಿಗೆ ಜಾಗವೆಲ್ಲಿ? ತಿಂಗಳೊಪ್ಪತ್ತಿನಲ್ಲಿ ಬರೆದವರಿಗೆಲ್ಲ ಕಚೇರಿಯಿಂದ ಒಂದೊಂದು ಉತ್ತರ ಬಂತು: ನಿಮ್ಮ ಕಾಳಜಿಗೆ ಧನ್ಯವಾದ, ನಿಮ್ಮ ಅಭಿಪ್ರಾಯ ನಮಗೆ ಮುಖ್ಯ, ಕಡತದಲ್ಲಿ ಇರಿಸಲಾಗಿದೆ. ಬೆಕಿ ತನ್ನದನ್ನು ಹಿಡಿದುಕೊಂಡು ರೋಸಲಿಯ ಅಡುಗೆಮನೆಗೆ ಬಂದಳು. ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಸಾಲಿಗೆ ಸಾಲು, ಚುಕ್ಕೆಗೆ ಚುಕ್ಕೆ ಕೂಡಿಕೊಂಡವು. ಕೆಳಗಿನ ರುಜು ಕೂಡ ಅಚ್ಚು ಹಾಕಿದ್ದು.

"ಅರವತ್ತಮೂರು ಜನಕ್ಕೂ ಅದೇ," ಎನ್ನುತ್ತಾರೆ ಆರ್ಲಿಸ್. "ಅವರದೇ ಲೆಕ್ಕ ಹಿಡಿದ್ರೆ, ನಮಗೆಲ್ಲಾ ಸೇರಿ ಬಂದಿದ್ದು ಒಂದೇ ಕಾಗದ."

ಈಗ ದಿಬ್ಬದ ಮೇಲೆ ಕೊಟ್ಟಿಗೆ ಎದ್ದಿದೆ. ಅರ್ಧ ಮೈಲಿ ಉದ್ದದ ಬಿಳಿ ಮಾಡು, ರೋಸಲಿಯ ಅಡುಗೆಮನೆಯಿಂದ ಆಕಾಶಕ್ಕಿಂತ ಮೊದಲು ಅದೇ ಕಾಣುತ್ತದೆ. ಅಲ್ಲಿಂದ ಬೇಕಾದಷ್ಟು ಹಾಲು ಸಿಗುವ ಮೇಲೆ ಸಣ್ಣವರ ಹಾಲು ಯಾಕೆ ಎಂದು ಡೈರಿಯವರು ಪ್ರೊಚಾಸ್ಕಾ ಅವರ ಕರಾರನ್ನು ನವೀಕರಿಸಲಿಲ್ಲ. ಉಳಿದ ಆರು ಮನೆಗಳ ಕರಾರು ಮುಗಿಯುವುದು ಈ ವರ್ಷದ ಕೊನೆಗೆ. ಆಮೇಲೆ ಆರ್ಲಿಸ್‌ಗೂ ದಾರಿಯಿಲ್ಲ. ಇದೆಲ್ಲ ಗೊತ್ತಿದ್ದೂ ಒಳಜೇಬಿನಲ್ಲಿ ಇನ್ನೂ ಬಿಳಿ ಕಾಗದ ಯಾಕಿದೆ ಎಂದರೆ, ಹಸು ಮೇಯಲೇಬೇಕೆಂಬ ನಿಯಮವನ್ನೂ ಸಡಿಲಿಸುವ ಪ್ರಸ್ತಾಪ ಬಂದಿದೆ. ಅದಕ್ಕೆ ಅಹವಾಲು ಕಳಿಸಲು ಶುಕ್ರವಾರ ಕೊನೆಯ ದಿನ. ಈ ಸಲ ಬರೆದವರು ಹನ್ನೆರಡೇ ಜನ. ಉಳಿದವರು ಇವರ ಟ್ಯಾಂಕರ್ ಕಂಡರೆ ಕಣ್ಣು ತಪ್ಪಿಸುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ. ಇದರಿಂದ ಏನಾದರೂ ಆದೀತೆಂಬ ನಂಬಿಕೆ ಆರ್ಲಿಸ್‌ಗೂ ಉಳಿದಿಲ್ಲ. ಕೇಳಿದರೆ, ಇಲ್ಲ ಎಂದೇ ಹೇಳುತ್ತಾರೆ.

ಯಂತ್ರ ತಿರುಗಿ ಎರಡು ನಿಮಿಷವಾಗಿದೆ. ರೋಸಲಿ ಏಪ್ರಿಕಾಟ್ ತುಂಬಿದ ಕೊಲಾಚಿ ಎಂಬ ಸಿಹಿ ಬನ್ನುಗಳ ತಟ್ಟೆ ತಂದು ತೊಟ್ಟಿಯ ಅಂಚಿನಲ್ಲಿಟ್ಟು ಹೋಗುತ್ತಾರೆ. ಬಾಗಿಲಾಚೆ ಹುಲ್ಲುಗಾವಲಿನಲ್ಲಿ ಹಸುಗಳು ಕಾಣುತ್ತವೆ. ಏಪ್ರಿಲ್ ಇನ್ನೂ ಮುಗಿದಿಲ್ಲ, ಹುಲ್ಲು ಬೆರಳುದ್ದ ಕೂಡ ಎದ್ದಿಲ್ಲ. ಇಷ್ಟು ಬೇಗ ಹಸು ಬಿಟ್ಟರೆ ನೆಲ ಹಾಳಾಗುತ್ತದೆಂದು ಐವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವರು ಡೆಲ್ಮರ್. ಆರ್ಲಿಸ್ ಅತ್ತ ನೋಡಿದ್ದನ್ನು ಅವರು ಗಮನಿಸುತ್ತಾರೆ.

"ಭಾನುವಾರ ಬಿಟ್ಟೆ," ಎನ್ನುತ್ತಾರೆ. "ಹುಲ್ಲು ಉಳಿಸಿ ಯಾರಿಗೆ?"

ಆರ್ಲಿಸ್ ಕಾಗದವನ್ನು ಅವರ ಕಡೆಗೆ ಸರಿಸುತ್ತಾರೆ. ಡೆಲ್ಮರ್ ಹತ್ತಿರ ಬಂದು, ಕಾಗದದ ಕಡೆಗೇ ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಕೇಳುತ್ತಾರೆ: "ಗುರುವಾರದ ಮೇಲೆ ನನ್ನ ಹತ್ರ ಒಂದು ಹಸುವೂ ಇರಲ್ಲ. ಹಸು ಇಲ್ಲದವನು ಹಸು ಮೇಯಬೇಕು ಅಂತ ಬರೆದ್ರೆ ಯಾರು ಕೇಳ್ತಾರೆ?"

"ಇವತ್ತು ಮಂಗಳವಾರ," ಎನ್ನುತ್ತಾರೆ ಆರ್ಲಿಸ್. "ಇವತ್ತು ನಿಮ್ಮ ಹತ್ರ ಮೂವತ್ತನಾಲ್ಕಿವೆ."

ಡೆಲ್ಮರ್ ಟೋಪಿ ತೆಗೆದು ಗೂಟಕ್ಕೆ ಹಾಕುತ್ತಾರೆ. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಬಿಗಿಹಿಡಿದು, ತೊಟ್ಟಿಗೆ ಒರಗಿ ಬರೆಯಲು ತೊಡಗುತ್ತಾರೆ. ಮೊದಲು ಬರೆಯುವುದು ತಾರೀಖು. ದೊಡ್ಡದಾಗಿ, ಒಂದೊಂದೇ ಅಂಕಿ. ಆಮೇಲೆ ಹಸುವಿನ ಸಂಖ್ಯೆ. ಆಮೇಲೆ ಒಂದು ಸಾಲು ಬರೆಯುವಷ್ಟರಲ್ಲಿ ಐದು ನಿಮಿಷ ಮುಗಿಯುತ್ತದೆ. ಹೆಚ್ಚು ಹೊತ್ತು ಕಲಕಿದರೆ ಹಾಲು ಬೆಣ್ಣೆಗಟ್ಟತೊಡಗುತ್ತದೆ. ಇಪ್ಪತ್ತಾರು ವರ್ಷದಲ್ಲಿ ಆರ್ಲಿಸ್ ಒಂದು ನಿಮಿಷವೂ ಮೀರಿದವರಲ್ಲ. ಇವತ್ತು ಗುಂಡಿಯತ್ತ ಹೋದ ಕೈ ಹಾಗೇ ನಿಲ್ಲುತ್ತದೆ. ಆರು. ಏಳು. ಎಂಟನೇ ನಿಮಿಷಕ್ಕೆ ಡೆಲ್ಮರ್ ಹೆಸರು ಬರೆದು ಪೆನ್ನು ಕೆಳಗಿಡುತ್ತಾರೆ.

ಕಾಗದದಲ್ಲಿ ಇರುವುದು ಇಷ್ಟೇ: ಐವತ್ತೆರಡು ವರ್ಷ ನನ್ನ ಹಸುಗಳು ಹೊರಗೆ ಮೇದವು. ಹಸು ಹೊರಗೆ ಮೇದಿದೆ ಎಂದು ನಂಬಿ ಜನ ಈ ಮುದ್ರೆಯ ಹಾಲು ಕೊಳ್ಳುತ್ತಾರೆ. ಅವರಿಗೆ ಸುಳ್ಳು ಹೇಳಬೇಡಿ.

ಆರ್ಲಿಸ್ ಸೌಟಿನಲ್ಲಿ ಹಾಲು ತೆಗೆದು ಸೀಸೆಗೆ ಹಾಕಿ, ಮನೆಯ ಹೆಸರು ಬರೆದು ಐಸಿನ ಪೆಟ್ಟಿಗೆಯಲ್ಲಿಡುತ್ತಾರೆ. ಹಾಲು ಟ್ಯಾಂಕರಿಗೆ ಏರುತ್ತದೆ. ಖಾಲಿ ತೊಟ್ಟಿಯನ್ನು ನೀರು ಹಾಯಿಸಿ ತೊಳೆಯುತ್ತಾರೆ, ಇನ್ನು ಅದರಿಂದ ಹಾಲು ಒಯ್ಯುವುದಿಲ್ಲವೆಂದು ಗೊತ್ತಿದ್ದೂ ಎರಡೆರಡು ಸಲ. ಡೆಲ್ಮರ್ ಕೈ ಕುಲುಕುವುದಿಲ್ಲ. ಕೊಲಾಚಿಯನ್ನು ಕಾಗದದಲ್ಲಿ ಸುತ್ತಿ ಕ್ಯಾಬಿನ್ನಿನೊಳಗೆ ಇಟ್ಟು, ಬಾಗಿಲು ಹಾಕಿ, ಹಸುಗಳ ಕಡೆಗೆ ನಡೆದುಬಿಡುತ್ತಾರೆ.

ರಸ್ತೆಯ ತಿರುವಿನ ಅಂಚೆಪೆಟ್ಟಿಗೆಯ ಬಳಿ ಆರ್ಲಿಸ್ ನಿಲ್ಲುತ್ತಾರೆ. ಇಸ್ರಾಯೆಲ್ ಕೊಟ್ಟ ಚೀಟಿಗಳಲ್ಲಿ ಉಳಿದಿದ್ದ ಒಂದನ್ನು ಅಂಟಿಸಿ, ಹದಿಮೂರನೆಯ ಲಕೋಟೆಯನ್ನು ಒಳಗೆ ಹಾಕಿ, ಬಿತ್ತೋ ಇಲ್ಲವೋ ಎಂದು ಬಾಗಿಲು ಮತ್ತೊಮ್ಮೆ ತೆರೆದು ನೋಡುತ್ತಾರೆ. ಗೆಲ್ಲುವ ಆಸೆ ಅವರಿಗಿಲ್ಲ. ಅಲ್ಲಿ ಕೂತ ಯಾರಾದರೊಬ್ಬರು ಒಂದು ಕಾಗದವನ್ನಾದರೂ ಮೊದಲಿಂದ ಕೊನೆವರೆಗೆ ಓದಿದರೆ ಸಾಕಂತೆ.

"ಹಾಲು ಮೂಸಿ ನೋಡಿ, ಕೆಟ್ಟಿದ್ರೆ ನಾನು ಹತ್ತಿಸ್ಕೊಳ್ಳಲ್ಲ. ಯಾರ ಮನೇದೇ ಆಗ್ಲಿ," ಎನ್ನುತ್ತಾರೆ, ಗೇರು ಹಾಕುತ್ತಾ. "ಈ ಕಾಗದಗಳನ್ನೂ ಒಂದೊಂದಾಗಿ ಓದಿದ್ದೀನಿ. ವಾಪಸ್ ಕಳಿಸೋ ಅಂಥದ್ದು ಒಂದೂ ಇರಲಿಲ್ಲ."